ಪಟ್ಟಿಗೆ ಸೇರದ ಹೋರಿ

1990ರ ಮಾತು. ಅಂದಿನ ಕೇಂದ್ರ ಸರ್ಕಾರ 10,000 ರೂಪಾಯಿವರೆಗಿನ ಕೃಷಿ ಸಾಲದ ಹೊರೆಯನ್ನು ಇಳಿಸುವ ಯೋಜನೆಯೊಂದನ್ನು ಪ್ರಕಟಿಸಿತ್ತು. ಉತ್ತರ ಕರ್ನಾಟಕದ ಒಂದು ಉಪವಿಭಾಗದಲ್ಲಿ ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ನನ್ನ ಮೇಜಿನ ಮೇಲೆ ಬ್ಯಾಂಕುಗಳಿಂದ, ಸಹಕಾರ ಸಂಘಗಳಿಂದ ಬಂದ ಫಲಾನುಭವಿಗಳ ಪಟ್ಟಿಗಳು ರಾಶಿ ಬಿದ್ದಿದ್ದವು. ಒಂದು ಮಧ್ಯಾಹ್ನ ವಯಸ್ಸಾದ ರೈತರೊಬ್ಬರು ಬಂದು ತಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಕೇಳಿದರು. ಇರಲಿಲ್ಲ. ಅವರ ಸಾಲವೆಲ್ಲ ಊರಿನ ಲೇವಾದೇವಿಯವರ ಬಳಿ ಇತ್ತು. ಯೋಜನೆಗೆ ಕಾಣುತ್ತಿದ್ದುದು ಬ್ಯಾಂಕಿನ ಸಾಲ ಮಾತ್ರ. ಇದನ್ನು ವಿವರಿಸಿದಾಗ ಅವರು ವಾದಿಸಲಿಲ್ಲ, ಬೇಸರಪಡಲೂ ಇಲ್ಲ. ಸಾಲ ಕೊಟ್ಟವನ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡದೆ, ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, ಕೈಮುಗಿದು ಹೊರಟುಹೋದರು.

ಆ ರೈತರ ಹೆಸರು ನನಗಿಂದು ನೆನಪಿಲ್ಲ. ಆದರೆ ಅವರು ಹೊರಟುಹೋದ ಆ ಗಳಿಗೆಯಲ್ಲಿ ನನಗೆ ನೆನಪಾದ ಇನ್ನೊಬ್ಬ ರೈತನ ಹೆಸರು ಹೋರಿ. ಅವನ ಹೆಂಡತಿ ಧನಿಯಾ, ಮಗ ಗೋಬರ್, ಹೆಣ್ಣುಮಕ್ಕಳು ಸೋನಾ ಮತ್ತು ರೂಪಾ, ತಮ್ಮಂದಿರು ಹೀರಾ ಮತ್ತು ಶೋಭಾ, ಅವನ ಸಾಲಗಾರರು, ಅವನು ಕಟ್ಟಿದ ದಂಡದ ಮೊತ್ತ, ಎಲ್ಲವನ್ನೂ ಇಂದಿಗೂ ಹೇಳಬಲ್ಲೆ. ವಿಚಿತ್ರವೆಂದರೆ ಹೋರಿ ಎಂಬ ಮನುಷ್ಯ ಎಂದೂ ಬದುಕಿರಲೇ ಇಲ್ಲ. ಅವನು ‘ಗೋದಾನ’ ಎಂಬ ಹಿಂದಿ ಕಾದಂಬರಿಯ ಒಂದು ಪಾತ್ರ. ಎದುರಿಗೆ ನಿಂತಿದ್ದ ಜೀವಂತ ಮನುಷ್ಯ ಮರೆತುಹೋಗಿ, ಕಾಗದದ ಮೇಲಷ್ಟೇ ಹುಟ್ಟಿದವನು ಮೂರೂವರೆ ದಶಕ ಜೊತೆಗೆ ಉಳಿಯುವುದು ಹೇಗೆ? ಇಲ್ಲದ ಮನುಷ್ಯನೊಬ್ಬ ಇರುವವರನ್ನು ಕಾಣುವ ಕಣ್ಣನ್ನು ಕೊಡುವುದು ಹೇಗೆ? ನಿವೃತ್ತಿಯ ನಂತರ ಹೋರಿಯನ್ನು ಸೃಷ್ಟಿಸಿದ ಪ್ರೇಮಚಂದರ ಬದುಕನ್ನು ಮತ್ತೆ ಓದಿದಾಗ ಈ ಪ್ರಶ್ನೆಗೆ ಉತ್ತರ ಅವರ ಬದುಕಿನಲ್ಲೇ ಅಡಗಿದೆ ಎನಿಸಿತು.

ಪ್ರೇಮಚಂದ್ ಎಂಬ ಹೆಸರೇ ಒಂದು ಕಲ್ಪನೆ. 1880ರ ಜುಲೈ 31ರಂದು ಬನಾರಸ್ ಸಮೀಪದ ಲಮಹಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಮನೆಯವರು ಇಟ್ಟ ಹೆಸರು ಧನಪತ್ ರಾಯ್. ಹಣದ ಒಡೆಯ ಎಂಬ ಅರ್ಥದ ಈ ಹೆಸರಿನವರು ಜೀವನದ ಬಹುಪಾಲನ್ನು ಸಾಲದಲ್ಲೇ ಕಳೆದರು. ಅಜ್ಜ ಪಟವಾರಿ, ಅಂದರೆ ನಮ್ಮ ಶಾನುಭೋಗರಂತೆ ಹಳ್ಳಿಯ ಜಮೀನಿನ ಲೆಕ್ಕ ಇಡುವವರು. ತಂದೆ ಅಜಾಯಬ್ ಲಾಲ್ ಅಂಚೆ ಇಲಾಖೆಯ ಗುಮಾಸ್ತರು. ಸುಮಾರು ಎಂಟು ವರ್ಷದವನಿದ್ದಾಗ ಹುಡುಗ ತಾಯಿಯನ್ನು ಕಳೆದುಕೊಂಡ. ತಂದೆ ಮರುಮದುವೆಯಾದರು. ಮಲತಾಯಿಯ ಮನೆಯಲ್ಲಿ ಸಿಗದ ಅಕ್ಕರೆಯನ್ನು ಆತ ಹುಡುಕಿದ್ದು ಪುಸ್ತಕಗಳಲ್ಲಿ. ತಂದೆಗೆ ವರ್ಗವಾಗಿ ಹೋಗಿದ್ದ ಗೋರಖಪುರದಲ್ಲಿ ಉರ್ದುವಿನ ‘ತಿಲಿಸ್ಮ್-ಎ-ಹೋಶ್‌ರುಬಾ’ದಂಥ ಮಾಂತ್ರಿಕ ಕಥಾಸಾಗರವನ್ನು ಸಂಪುಟದ ಮೇಲೆ ಸಂಪುಟ ಓದಿದ. ಮಾಟಗಾರರು, ವೇಷಧಾರಿ ಗೂಢಚಾರರು, ಮಂತ್ರದಿಂದ ತೆರೆಯುವ ಕೋಟೆಗಳು ಅಲ್ಲಿದ್ದವು. ಆ ಕಾಲದ ಹಿಂದಿ, ಉರ್ದು ಓದುಗರಿಗೆ ಕಥಾಪಾತ್ರವೆಂದರೆ ಇಂಥವರೇ. ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ವನ್ನು ಓದಲೆಂದೇ ಅನೇಕರು ಹಿಂದಿ ಕಲಿತರು ಎಂಬ ಮಾತು ಪ್ರಸಿದ್ಧ. ಸಾಲಕ್ಕೆ ಬಡ್ಡಿ ಕಟ್ಟುವ ಮನುಷ್ಯ ಕಾದಂಬರಿಯ ನಾಯಕನಾಗಬಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು.

ಹದಿನೈದನೆಯ ವಯಸ್ಸಿಗೆ ಮದುವೆ, ಅದಾದ ಒಂದೆರಡು ವರ್ಷಕ್ಕೆ ತಂದೆಯ ಮರಣ. ಮಲತಾಯಿ, ಆಕೆಯ ಮಕ್ಕಳು, ಒಗ್ಗದ ಹೆಂಡತಿ, ಇಷ್ಟು ಜನರ ಭಾರ ವಿದ್ಯಾರ್ಥಿಯೊಬ್ಬನ ಹೆಗಲಿಗೆ ಬಿತ್ತು. ಮೆಟ್ರಿಕ್ಯುಲೇಷನ್‌ನಲ್ಲಿ ದ್ವಿತೀಯ ದರ್ಜೆ ಬಂದದ್ದರಿಂದ ಕಾಲೇಜಿನ ಶುಲ್ಕ ವಿನಾಯಿತಿ ತಪ್ಪಿತು. ಗಣಿತ ಕೈಕೊಟ್ಟದ್ದರಿಂದ ಇನ್ನೊಂದು ಕಾಲೇಜಿನ ಬಾಗಿಲೂ ಮುಚ್ಚಿತು. ವಕೀಲರೊಬ್ಬರ ಮಗನಿಗೆ ತಿಂಗಳಿಗೆ 5 ರೂಪಾಯಿಗೆ ಮನೆಪಾಠ ಹೇಳುತ್ತಾ, ಅದರಲ್ಲೇ ಅರ್ಧದಷ್ಟನ್ನು ಮನೆಗೆ ಕಳುಹಿಸುತ್ತಾ ದಿನ ದೂಡಿದರು. ಒಂದು ಚಳಿಗಾಲದ ಸಂಜೆ ಕೈಯಲ್ಲಿ ಕಾಸಿಲ್ಲದೆ, ತಮಗೆ ಎಂದೂ ಒಲಿಯದ ಗಣಿತದ ಪುಸ್ತಕವನ್ನೇ ಅರ್ಧ ಬೆಲೆಗೆ ಮಾರಲು ಅಂಗಡಿಗೆ ಹೋದರು. ಅಲ್ಲಿ ಕುಳಿತಿದ್ದ ಮಿಷನ್ ಶಾಲೆಯ ಮುಖ್ಯೋಪಾಧ್ಯಾಯರು ಈ ತರುಣನನ್ನು ವಿಚಾರಿಸಿ, ಚುನಾರ್‌ನಲ್ಲಿ ತಿಂಗಳಿಗೆ 18 ರೂಪಾಯಿಯ ಶಿಕ್ಷಕ ಹುದ್ದೆಯನ್ನು ನೀಡಿದರು. ಅದು 1899. ಮರುವರ್ಷವೇ ಸರ್ಕಾರಿ ಶಾಲೆಯ ನೌಕರಿ ದೊರೆತು, ಮುಂದಿನ ಎರಡು ದಶಕ ಅವರು ಸರ್ಕಾರಿ ನೌಕರರಾಗಿಯೇ ಉಳಿದರು.

ಪ್ರೇಮಚಂದರ ಪಾತ್ರಗಳಲ್ಲಿ ಹಣದ ಲೆಕ್ಕ ಇಷ್ಟು ನಿಖರವಾಗಿರುವುದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು. ಅವರ ಕಥೆಗಳಲ್ಲಿ ಯಾರೂ ಸುಮ್ಮನೆ ಬಡವರಲ್ಲ. ಇಂತಿಷ್ಟು ಕಾಸಿನ ಬಡವರು. 1933ರ ‘ಈದ್‌ಗಾಹ್’ ಕಥೆಯ ಪುಟ್ಟ ಹಾಮಿದನ ಕೈಯಲ್ಲಿರುವುದು ಮೂರೇ ಪೈಸೆ. ಜೊತೆಯ ಹುಡುಗರು ಜಾತ್ರೆಯಲ್ಲಿ ಮಣ್ಣಿನ ಗೊಂಬೆ, ಮಿಠಾಯಿ ಕೊಳ್ಳುವಾಗ ಅವನು ರೊಟ್ಟಿ ಸುಡುವಾಗ ಕೈ ಸುಟ್ಟುಕೊಳ್ಳುವ ಅಜ್ಜಿಗಾಗಿ ಕಬ್ಬಿಣದ ಇಕ್ಕಳ ಕೊಳ್ಳುತ್ತಾನೆ. ಆ ಮೂರು ಪೈಸೆಯ ಅಂಕಿ ಇರದಿದ್ದರೆ ಈ ಕಥೆ ನೀತಿಪಾಠವಾಗಿ ಮುಗಿದುಹೋಗುತ್ತಿತ್ತು. ಎಷ್ಟು ಆಸೆಗಳನ್ನು ಹಿಂದಿಕ್ಕಿ ಆ ಇಕ್ಕಳ ಬಂತು ಎಂಬುದು ನಮಗೆ ಗೊತ್ತಾಗುವುದು ಲೆಕ್ಕದಿಂದ. ಅರ್ಥಶಾಸ್ತ್ರದ ತರಗತಿಯಲ್ಲಿ ಆಯ್ಕೆ, ಕೊರತೆ ಎಂಬ ಶಬ್ದಗಳನ್ನು ನಾವು ಕಲಿತೆವು. ಅವು ಮನುಷ್ಯನೊಳಗೆ ಹೇಗೆ ನಡೆಯುತ್ತವೆ ಎಂಬುದನ್ನು ನಾಲ್ಕೈದು ವರ್ಷದ ಹುಡುಗನೊಬ್ಬ ಕಲಿಸಿದ.

ಬಹರಾಯಿಚ್, ಪ್ರತಾಪಗಡ, ಅಲಹಾಬಾದ್, ಕಾನ್ಪುರ ಎಂದು ಊರು ತಿರುಗಿದ ಮೇಲೆ 1909ರಲ್ಲಿ ಅವರಿಗೆ ಹಮೀರ್‌ಪುರ ಜಿಲ್ಲೆಯಲ್ಲಿ ಶಾಲೆಗಳ ತಪಾಸಣಾಧಿಕಾರಿಯ ಹುದ್ದೆ ದೊರೆಯಿತು. ಬುಂದೇಲಖಂಡದ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಪ್ರವಾಸ. ಹೊಟ್ಟೆಯ ಕಾಯಿಲೆ ಅಂಟಿಕೊಂಡದ್ದು ಅಲ್ಲೇ. ಕೊನೆಯವರೆಗೂ ಅದು ಬಿಡಲಿಲ್ಲ. ಆದರೆ ಹಳ್ಳಿಯ ಬದುಕನ್ನು ಒಳಗಿನಿಂದ ಕಾಣುವ ಅವಕಾಶವೂ ದೊರೆಯಿತು. ಪ್ರವಾಸ ಮಾಡಿದ ಅಧಿಕಾರಿಗಳು ಎಷ್ಟೋ ಮಂದಿ. ನಾವೆಲ್ಲ ಪ್ರವಾಸದ ದಿನಚರಿ ಬರೆದು ಮೇಲಧಿಕಾರಿಗೆ ಸಲ್ಲಿಸಿ ಮರೆತವರು. ಅವರು ಮರೆಯಲಿಲ್ಲ.

ಅದಕ್ಕೆ ಮುನ್ನ, 1908ರಲ್ಲಿ, ನವಾಬ್ ರಾಯ್ ಎಂಬ ಹೆಸರಿನಲ್ಲಿ ಅವರು ‘ಸೋಜ್-ಎ-ವತನ್’ ಎಂಬ ಉರ್ದು ಕಥಾಸಂಕಲನ ಪ್ರಕಟಿಸಿದ್ದರು. ಐದು ದೇಶಪ್ರೇಮದ ಕಥೆಗಳ ಕಿರುಪುಸ್ತಕ. ಬರೆದವರು ಯಾರೆಂಬುದು ಸರ್ಕಾರಕ್ಕೆ ಪತ್ತೆಯಾಗಿ, ಹಮೀರ್‌ಪುರದ ಕಲೆಕ್ಟರ್ ಕರೆಸಿಕೊಂಡರು. ರಾತ್ರಿಯೆಲ್ಲ ಗಾಡಿ ಹೊಡೆಸಿಕೊಂಡು ಹೋದ ಅಧೀನ ಅಧಿಕಾರಿ, ಮೇಜಿನ ಮೇಲಿದ್ದ ತನ್ನ ಪುಸ್ತಕವನ್ನು ಕಂಡು ಎಲ್ಲವನ್ನೂ ಅರಿತುಕೊಂಡರು. ಉಳಿದ ಪ್ರತಿಗಳನ್ನು ಒಪ್ಪಿಸಬೇಕಾಯಿತು. ಅವು ಬೆಂಕಿಗೆ ಹೋದವು. ಮುಂದೆ ಬರೆಯುವುದನ್ನೆಲ್ಲ ಮೊದಲು ಅಧಿಕಾರಿಗಳಿಗೆ ತೋರಿಸಬೇಕೆಂಬ ನಿರ್ಬಂಧ ಬಂತು. ಕಾನ್ಪುರದ ‘ಜಮಾನಾ’ ಪತ್ರಿಕೆಯ ಸಂಪಾದಕ, ಗೆಳೆಯ ದಯಾನಾರಾಯಣ ನಿಗಮ್ ಹೊಸ ಹೆಸರೊಂದನ್ನು ಸೂಚಿಸಿದರು. 1910ರಲ್ಲಿ ಪ್ರೇಮಚಂದ್ ಹುಟ್ಟಿದ್ದು ಹೀಗೆ. ಸುಟ್ಟುಹೋದ ಆ ಕಥೆಗಳನ್ನು ಇಂದು ಓದಿದರೆ, ಕಲೆಕ್ಟರ್ ಅಷ್ಟು ಹೆದರಬೇಕಿರಲಿಲ್ಲ ಎನಿಸುತ್ತದೆ. ಅಲ್ಲಿನ ವೀರರು ಭಾವನೆಗಳ ಬೊಂಬೆಗಳು. ಅವರು ಪ್ರಾಣ ಕೊಡುತ್ತಾರೆ, ಆದರೆ ನೆನಪಿನಲ್ಲಿ ಉಳಿಯುವುದಿಲ್ಲ. ನಿಜವಾಗಿ ಆಳುವವರ ನಿದ್ದೆಗೆಡಿಸಬೇಕಾದ ಪಾತ್ರಗಳು ಬಂದದ್ದು ಆಮೇಲೆ. ಅವುಗಳಲ್ಲಿ ಯಾರೂ ಘೋಷಣೆ ಕೂಗುವುದಿಲ್ಲ.

ಪ್ರೇಮಚಂದರು ಈ ದಾರಿಯನ್ನು ಒಂದೇ ಜಿಗಿತಕ್ಕೆ ದಾಟಲಿಲ್ಲ. ಅವರ ಆರಂಭದ ದೊಡ್ಡ ಕಾದಂಬರಿಗಳಲ್ಲಿ ಪಾತ್ರಗಳು ಮೊದಲರ್ಧದಲ್ಲಿ ಬದುಕುತ್ತವೆ, ಉತ್ತರಾರ್ಧದಲ್ಲಿ ಸುಧಾರಿಸುತ್ತವೆ. ‘ಸೇವಾಸದನ’ದ ಸುಮನ್ ವರದಕ್ಷಿಣೆಯ ಕಷ್ಟದಿಂದ ಒಪ್ಪದ ಮದುವೆಗೆ, ಅಲ್ಲಿಂದ ವೇಶ್ಯಾವಾಟಿಕೆಗೆ ಜಾರುವ ಹಾದಿಯ ಪ್ರತಿ ಹೆಜ್ಜೆಯೂ ನಿಜ. ಕೊನೆಗೆ ಆಕೆ ಆಶ್ರಮವೊಂದರ ಸೇವೆಯಲ್ಲಿ ನೆಲೆಗೊಳ್ಳುತ್ತಾಳೆ. ಅಲ್ಲಿಗೆ ಬಂದಾಗ ನಮಗೆ ಸುಮನ್ ಕಾಣುವುದಿಲ್ಲ, ಆಕೆಯನ್ನು ಅಲ್ಲಿಗೆ ಕಳುಹಿಸಿದ ಲೇಖಕ ಕಾಣುತ್ತಾರೆ. 1922ರ ‘ಪ್ರೇಮಾಶ್ರಮ’ದಲ್ಲಿ ಜಮೀನ್ದಾರನ ಕುಟುಂಬದ ತರುಣನೇ ತನ್ನ ಹಕ್ಕು ಬಿಟ್ಟುಕೊಟ್ಟು, ಹಳ್ಳಿ ಆದರ್ಶ ಗ್ರಾಮವಾಗುತ್ತದೆ. ಕಡತದ ಕೊನೆಯಲ್ಲಿ ಒಳ್ಳೆಯ ಅಧಿಕಾರಿ ಬರೆಯುವ ಅನುಕೂಲಕರ ಆದೇಶದಂತೆ ಈ ಮುಕ್ತಾಯಗಳಿವೆ. ಆದರ್ಶದತ್ತ ಮುಖ ಮಾಡಿದ ವಾಸ್ತವವಾದ ಎಂದು ಅವರೇ ತಮ್ಮ ಈ ರೀತಿಯನ್ನು ಸಮರ್ಥಿಸಿಕೊಂಡಿದ್ದರು. ಪಾತ್ರಗಳ ಮೇಲಿನ ಕರುಣೆಯಿಂದಲೇ ಅವರು ಹಾಗೆ ಮಾಡಿದರು. ಆದರೆ ಕರುಣೆಯೂ ಒಂದು ಅಧಿಕಾರವೇ. ಅದು ಪಾತ್ರದ ಕೈಯಿಂದ ಅದರ ಬದುಕನ್ನು ಕಿತ್ತುಕೊಳ್ಳಬಲ್ಲದು.

ಈ ನಡುವೆ ಅವರ ಸ್ವಂತ ಬದುಕಿನಲ್ಲೂ ಒಂದು ತೀರ್ಮಾನದ ಗಳಿಗೆ ಬಂತು. 1906ರಲ್ಲಿ ಅವರು ಬಾಲವಿಧವೆ ಶಿವರಾಣಿ ದೇವಿಯವರನ್ನು ಮದುವೆಯಾಗಿದ್ದರು. ಆ ಕಾಲದ ಕಾಯಸ್ಥ ಸಮಾಜದಲ್ಲಿ ಅದು ಸಣ್ಣ ಧೈರ್ಯವಲ್ಲ. 1921ರ ಫೆಬ್ರುವರಿ 8ರಂದು ಗೋರಖಪುರದ ಸಭೆಯಲ್ಲಿ ಗಾಂಧೀಜಿಯವರ ಭಾಷಣ ಕೇಳಿದರು. ಅಸಹಕಾರ ಚಳವಳಿಯ ಕಾಲ. ದೇಹದಲ್ಲಿ ಕಾಯಿಲೆ, ಮನೆಯಲ್ಲಿ ಚಿಕ್ಕ ಮಕ್ಕಳು, ಕೂಡಿಟ್ಟ ಹಣ ಅಷ್ಟಕ್ಕಷ್ಟೆ. ದಂಪತಿ ಕೆಲವು ದಿನ ಯೋಚಿಸಿದರು. ಒಂದೇ ವಾರದ ಅಂತರದಲ್ಲಿ ರಾಜೀನಾಮೆ ಹೋಯಿತು. ಪಿಂಚಣಿಯ ಭದ್ರತೆಯಲ್ಲಿ ಕುಳಿತು ಈ ಸಾಲುಗಳನ್ನು ಬರೆಯುತ್ತಿರುವ ನನ್ನಂಥವನಿಗೆ ಇಪ್ಪತ್ತೊಂದು ವರ್ಷದ ಸೇವೆಯನ್ನು ಹಾಗೆ ಬಿಟ್ಟು ನಡೆಯುವುದರ ತೂಕ ಚೆನ್ನಾಗಿ ಗೊತ್ತು. ಶಿವರಾಣಿಯವರು ಮುಂದೆ ಕಾನೂನುಭಂಗ ಚಳವಳಿಯಲ್ಲಿ ತಾವೇ ಸೆರೆಮನೆಗೆ ಹೋದರು. ಗಂಡನ ಕುರಿತು ಅವರು ಬರೆದ ‘ಪ್ರೇಮಚಂದ್ ಘರ್ ಮೇ’ ಎಂಬ ನೆನಪುಗಳ ಪುಸ್ತಕ 1944ರಲ್ಲಿ ಬಂತು.

1925ರ ‘ರಂಗಭೂಮಿ’ಯಲ್ಲಿ ಪಾತ್ರಗಳು ಲೇಖಕನ ಹಿಡಿತದಿಂದ ಬಿಡಿಸಿಕೊಳ್ಳತೊಡಗುತ್ತವೆ. ತಮ್ಮ ಹಳ್ಳಿಯ ಕುರುಡು ಭಿಕ್ಷುಕನೊಬ್ಬನನ್ನು ಕಂಡಾಗ ಈ ಕಾದಂಬರಿಯ ಬೀಜ ಸಿಕ್ಕಿತು ಎಂದು ಅವರು ಹೇಳಿಕೊಂಡಿದ್ದಾರೆ. ಕಾದಂಬರಿಯ ಸೂರದಾಸನೂ ಕುರುಡ, ಭಿಕ್ಷುಕ, ಜಾತಿಯಿಂದ ಚಮ್ಮಾರ. ಪಿತ್ರಾರ್ಜಿತವಾಗಿ ಬಂದ ಒಂದಿಷ್ಟು ಬಯಲನ್ನು ಊರ ದನ ಮೇಯಲು ಬಿಟ್ಟಿದ್ದಾನೆ. ಜಾನ್ ಸೇವಕ್ ಎಂಬ ಉದ್ಯಮಿಗೆ ಅಲ್ಲಿ ಸಿಗರೇಟು ಕಾರ್ಖಾನೆ ಕಟ್ಟಬೇಕಾಗಿದೆ. ಬೆಲೆ ಎಷ್ಟು ಏರಿಸಿದರೂ ಸೂರದಾಸ ಒಪ್ಪುವುದಿಲ್ಲ. 1894ರ ಭೂಸ್ವಾಧೀನ ಕಾಯ್ದೆಯಡಿ ಕೆಲಸ ಮಾಡಿದ ಯಾವ ಅಧಿಕಾರಿಯೂ ಈ ಕಾದಂಬರಿಯನ್ನು ನಿರಾಳವಾಗಿ ಓದಲಾರ. ಖಾಸಗಿ ಕಂಪನಿಗಾಗಿ ಭೂಮಿ ಪಡೆಯುವ ಮುನ್ನ ಬಾಧಿತ ಕುಟುಂಬಗಳಲ್ಲಿ ಶೇಕಡ 80ರಷ್ಟು ಜನರ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು ಎಂದು ನಮ್ಮ ಸಂಸತ್ತು ಕಾನೂನು ಮಾಡಿದ್ದು 2013ರಲ್ಲಿ. ಆ ಭಿಕ್ಷುಕ ಬೇಡ ಎಂದ 88 ವರ್ಷಗಳ ಬಳಿಕ.

ಆದರೆ ಸೂರದಾಸ ನೆನಪಿನಲ್ಲಿ ಉಳಿಯುವುದು ಅವನ ಹೋರಾಟದ ನ್ಯಾಯದಿಂದಷ್ಟೇ ಅಲ್ಲ. ನೆರೆಯವನೊಬ್ಬ ದ್ವೇಷದಿಂದ ಅವನ ಗುಡಿಸಲಿಗೆ ಬೆಂಕಿಯಿಟ್ಟು, ಅವನು ಜೀವಮಾನವಿಡೀ ಕೂಡಿಟ್ಟಿದ್ದ ಹಣದ ಗಂಟನ್ನು ಕದಿಯುತ್ತಾನೆ. ಸೂರದಾಸ ಬೂದಿಯಲ್ಲಿ ಕೈಯಾಡಿಸಿ ಹುಡುಕುತ್ತಾನೆ. ಯಾರಾದರೂ ಕೇಳಿದರೆ ಮಾತ್ರ ತನ್ನ ಬಳಿ ಹಣವೇ ಇರಲಿಲ್ಲ ಎಂದು ಸುಳ್ಳು ಹೇಳುತ್ತಾನೆ. ಭಿಕ್ಷುಕನಿಗೆ ಬಡತನ ನಾಚಿಕೆಯಲ್ಲ, ಹಣವಿರುವುದು ನಾಚಿಕೆ. ಆ ಒಂದು ಸುಳ್ಳು ಅವನನ್ನು ಸಂತನ ಪೀಠದಿಂದ ಇಳಿಸಿ ನಮ್ಮ ಪಕ್ಕದಲ್ಲಿ ಕೂರಿಸುತ್ತದೆ. ಈ ಕಾದಂಬರಿ ಇಂಗ್ಲಿಷಿನ ಥ್ಯಾಕರೆಯ ‘ವ್ಯಾನಿಟಿ ಫೇರ್’ನ ನಕಲು ಎಂಬ ಆರೋಪ ಆ ದಿನಗಳಲ್ಲಿ ಎದ್ದಿತ್ತು. ಕಥೆಯ ಎಳೆಗಳಲ್ಲಿ ಹೋಲಿಕೆ ಹುಡುಕುವುದು ಸುಲಭ. ಆದರೆ ಬೂದಿಯಲ್ಲಿ ಕೈಯಾಡಿಸುವ ಆ ಮನುಷ್ಯ ಯಾವ ಪುಸ್ತಕದಿಂದಲೂ ಬಂದವನಲ್ಲ.

1930ರ ‘ಪೂಸ್ ಕೀ ರಾತ್’ ಕಥೆಯಲ್ಲಿ ಈ ಬಿಡುಗಡೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಹಲ್ಕೂ ಎಂಬ ರೈತ ಕಂಬಳಿ ಕೊಳ್ಳಲೆಂದು ಕೂಡಿಟ್ಟ ಮೂರು ರೂಪಾಯಿ ಸಾಲಗಾರನ ಪಾಲಾಗುತ್ತದೆ. ಪುಷ್ಯಮಾಸದ ಕೊರೆಯುವ ರಾತ್ರಿ ಹೊಲ ಕಾಯುತ್ತಾ ನಾಯಿಯನ್ನೇ ಅಪ್ಪಿಕೊಂಡು ಮಲಗುತ್ತಾನೆ. ನೀಲಗಾಯಿಗಳು ಹೊಲಕ್ಕೆ ನುಗ್ಗುವ ಸದ್ದು ಕೇಳುತ್ತದೆ. ಅವನು ಏಳುವುದಿಲ್ಲ. ಬೆಳಗ್ಗೆ ಬೆಳೆಯೆಲ್ಲ ನಾಶವಾಗಿದೆ, ಹೆಂಡತಿ ಕಂಗಾಲಾಗಿದ್ದಾಳೆ, ಅವನಿಗೆ ಮಾತ್ರ ಸಮಾಧಾನ. ಇನ್ನು ಈ ಚಳಿಯಲ್ಲಿ ಇಲ್ಲಿ ಮಲಗಬೇಕಾಗಿಲ್ಲ. ರೈತನಿಗೆ ಬೆಳೆಯೇ ಪ್ರಾಣ ಎಂದು ನಂಬಿದ ಎಲ್ಲ ಸಿದ್ಧಾಂತಗಳನ್ನೂ ಹಲ್ಕೂವಿನ ಆ ಸಮಾಧಾನ ಕಂಗೆಡಿಸುತ್ತದೆ. ಹೀಗೆ ಮಾಡಬಾರದಿತ್ತು ಎಂದು ಲೇಖಕ ಹೇಳುವುದಿಲ್ಲ. ಹೀಗೆ ಮಾಡಿದ್ದು ಸರಿ ಎಂದೂ ಹೇಳುವುದಿಲ್ಲ.

ರಾಜೀನಾಮೆಯ ನಂತರದ ಹದಿನೈದು ವರ್ಷ ಪ್ರೇಮಚಂದರು ತಾವೇ ಸಾಲದ ಪಾತ್ರವಾದರು. 1923ರಲ್ಲಿ ಬನಾರಸ್ಸಿನಲ್ಲಿ ಸರಸ್ವತಿ ಪ್ರೆಸ್ ಆರಂಭಿಸಿದರು; ಅದು ನಷ್ಟದಲ್ಲೇ ನಡೆಯಿತು. 1930ರಲ್ಲಿ ‘ಹಂಸ್’ ಪತ್ರಿಕೆ ಹುಟ್ಟಿತು, ಆಮೇಲೆ ‘ಜಾಗರಣ್’ ಕೂಡ ಹೆಗಲೇರಿತು. ಸಾಲ ತೀರಿಸಲೆಂದೇ 1934ರಲ್ಲಿ ಬೊಂಬಾಯಿಗೆ ಹೋಗಿ ಚಲನಚಿತ್ರ ಕಂಪನಿಗೆ ಕಥೆ ಬರೆದರು. ಕಾರ್ಮಿಕರ ಪರವಾದ ‘ಮಜ್ದೂರ್’ ಚಿತ್ರ ಸೆನ್ಸಾರಿನ ತೊಂದರೆಗೆ ಸಿಲುಕಿತು. ಅದೇ ಹೊತ್ತಿಗೆ ಬನಾರಸ್ಸಿನಲ್ಲಿ ಅವರ ಸ್ವಂತ ಪ್ರೆಸ್ಸಿನ ಕಾರ್ಮಿಕರು ಬಾಕಿ ಸಂಬಳಕ್ಕಾಗಿ ಮುಷ್ಕರ ಹೂಡಿದರು. ಶೋಷಿತರ ಲೇಖಕರೆನಿಸಿದವರೇ ತಮ್ಮ ಆಳುಗಳಿಗೆ ಸಂಬಳ ಕೊಡಲಾರದ ಮಾಲೀಕರಾಗಿದ್ದರು. ಇದನ್ನು ಅವರ ಮೇಲಿನ ಆರೋಪವಾಗಿ ಹೇಳುತ್ತಿಲ್ಲ. ಸಾಲ ಮಾಡುವವನ ಸಂಕಟವನ್ನೂ, ಕೊಡಬೇಕಾದುದನ್ನು ಕೊಡದವನ ಮುಜುಗರವನ್ನೂ ಒಂದೇ ದೇಹದಲ್ಲಿ ಅನುಭವಿಸಿದವರು ಆ ಹೊತ್ತಿನಲ್ಲಿ ಬರೆಯುತ್ತಿದ್ದ ಕಾದಂಬರಿ ‘ಗೋದಾನ’ ಎಂಬುದನ್ನು ನೆನಪಿಡಬೇಕು.

1935ರಲ್ಲಿ ಬೊಂಬಾಯಿ ಬಿಟ್ಟು ಬಂದರು. 1936ರಲ್ಲಿ ‘ಗೋದಾನ’ ಪ್ರಕಟವಾಯಿತು. ಕನ್ನಡದ ಕಿವಿಗೆ ಹೋರಿ ಎಂದರೆ ನೊಗ ಹೊರುವ ಪ್ರಾಣಿ. ಹಿಂದಿಯಲ್ಲಿ ಆ ಹೆಸರಿಗೂ ಹೋಳಿ ಹಬ್ಬಕ್ಕೂ ನಂಟು. ನಮ್ಮ ಅರ್ಥಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಈ ಆಕಸ್ಮಿಕ ಎಷ್ಟು ಸಹಜವಾಗಿ ಹೊಂದುತ್ತದೆ! ಅವಧ್ ಪ್ರಾಂತ್ಯದ ಬೇಲಾರಿ ಗ್ರಾಮದ ಈ ಗೇಣಿದಾರನಿಗೆ ಇರುವುದು ಒಂದೇ ಆಸೆ, ಬಾಗಿಲಲ್ಲಿ ಒಂದು ಹಸು. ಅದನ್ನು ಭೋಲಾ ಎಂಬ ಗೌಳಿಗನಿಂದ ಕಡವಾಗಿ ತರುತ್ತಾನೆ. ಸ್ವಂತ ತಮ್ಮ ಹೀರಾ ಹೊಟ್ಟೆಕಿಚ್ಚಿನಿಂದ ಅದಕ್ಕೆ ವಿಷವಿಕ್ಕುತ್ತಾನೆ. ಹಸು ಹೋಗುತ್ತದೆ, ಸಾಲ ಉಳಿಯುತ್ತದೆ. ಮಗ ಗೋಬರ್ ಭೋಲಾನ ವಿಧವೆ ಮಗಳು ಝುನಿಯಾಳನ್ನು ಗರ್ಭಿಣಿಯಾಗಿಸಿ ಪಟ್ಟಣಕ್ಕೆ ಓಡಿಹೋಗುತ್ತಾನೆ. ಆಕೆಗೆ ಆಶ್ರಯ ಕೊಟ್ಟ ತಪ್ಪಿಗೆ ಪಂಚಾಯತಿ 100 ರೂಪಾಯಿ ಮತ್ತು 30 ಮಣ ಧಾನ್ಯದ ದಂಡ ಹಾಕುತ್ತದೆ. ಅಲ್ಲಿಂದ ಮುಂದೆ ಅವನ ಬದುಕು ಇಳಿಜಾರು. ಜಮೀನು ಉಳಿಸಿಕೊಳ್ಳಲು 200 ರೂಪಾಯಿ ಪಡೆದು ಕಿರಿಯ ಮಗಳನ್ನು ವಯಸ್ಸಾದವನಿಗೆ ಮದುವೆ ಮಾಡಿಕೊಡುತ್ತಾನೆ. ಕೊನೆಗೆ ಬಿಸಿಗಾಳಿಯಲ್ಲಿ ಕೂಲಿಗೆ ಕಲ್ಲು ಅಗೆಯುತ್ತಾ ಕುಸಿದುಬೀಳುತ್ತಾನೆ. ಸಾಯುವವನ ಹೆಸರಿನಲ್ಲಿ ಹಸುವಿನ ದಾನ ಕೊಡಿಸುವ ಹೊತ್ತಿಗೆ ಧನಿಯಾಳ ಬಳಿ ಇರುವುದು ಹಗ್ಗ ಹೊಸೆದು ಗಳಿಸಿದ 20 ಆಣೆ. ಅದನ್ನೇ ಪುರೋಹಿತನ ಕೈಗಿಡುತ್ತಾಳೆ. ಆ ಪುರೋಹಿತ ಅವರ ಸಾಲಗಾರನೂ ಹೌದು.

ಈ ಕಥೆಯ ಅರ್ಥಶಾಸ್ತ್ರ ಆ ಕಾಲಕ್ಕೆ ಹೊಸದೇನೂ ಅಲ್ಲ. ಪಂಜಾಬಿನ ರೈತರ ಸಾಲದ ಬಗ್ಗೆ ಮಾಲ್ಕಮ್ ಡಾರ್ಲಿಂಗ್ ಎಂಬ ಬ್ರಿಟಿಷ್ ಅಧಿಕಾರಿಯ ಪ್ರಸಿದ್ಧ ಗ್ರಂಥ 1925ರಲ್ಲೇ ಬಂದಿತ್ತು. 1930ರ ಸುಮಾರಿಗೆ ಪ್ರಾಂತೀಯ ಬ್ಯಾಂಕಿಂಗ್ ವಿಚಾರಣಾ ಸಮಿತಿಗಳು ಸಂಪುಟಗಟ್ಟಲೆ ವರದಿ ಕೊಟ್ಟಿದ್ದವು. ಜಾಗತಿಕ ಮಹಾಕುಸಿತದಲ್ಲಿ ಕೃಷಿ ಉತ್ಪನ್ನಗಳ ಬೆಲೆ ಅರ್ಧದಷ್ಟಕ್ಕೆ ಬಿದ್ದು, ಗೇಣಿ ಮತ್ತು ಬಡ್ಡಿ ಮಾತ್ರ ಹಾಗೆಯೇ ಉಳಿದುದನ್ನು ಎಲ್ಲರೂ ಬಲ್ಲರು. ಅಂಕಿಅಂಶಗಳಲ್ಲಿ ಸಾಲಗಾರ ರೈತನಿದ್ದಾನೆ. ಹೋರಿ ಇಲ್ಲ. ಏಕೆಂದರೆ ಸರಾಸರಿ ರೈತನಿಗೆ ಜಗಳವಾಡುವ ಹೆಂಡತಿ ಇರುವುದಿಲ್ಲ.

ಹೋರಿ ಹುತಾತ್ಮನಲ್ಲ ಎಂಬುದೇ ಅವನ ಶಕ್ತಿ. ಭೋಲಾನಿಂದ ಹಸು ಪಡೆಯಲು ಅವನಿಗೆ ಇನ್ನೊಂದು ಮದುವೆ ಮಾಡಿಸುವ ಆಸೆ ತೋರಿಸುತ್ತಾನೆ. ಬಿದಿರು ಮಾರುವಾಗ ತಮ್ಮಂದಿರಿಗೆ ಕಡಿಮೆ ಲೆಕ್ಕ ತೋರಿಸಿ ಒಂದೆರಡು ರೂಪಾಯಿ ಉಳಿಸಿಕೊಳ್ಳಲು ಹೊಂಚುತ್ತಾನೆ, ಕೊನೆಗೆ ಆ ಬಿದಿರು ಕೊಂಡವನಿಂದ ತಾನೇ ಮೋಸಹೋಗುತ್ತಾನೆ. ಅದೇ ಮನುಷ್ಯ, ಹಸುವನ್ನು ಕೊಂದ ತಮ್ಮನ ಮಾನ ಉಳಿಸಲು ಮಗನ ತಲೆ ಮುಟ್ಟಿ ಸುಳ್ಳು ಆಣೆ ಮಾಡುತ್ತಾನೆ. ತಮ್ಮನ ಮನೆಯನ್ನು ಪೊಲೀಸರು ಶೋಧಿಸಬಾರದೆಂದು ಸಾಲ ಮಾಡಿ ಲಂಚ ಕೊಡಲು ಸಿದ್ಧನಾಗುತ್ತಾನೆ. ಎಲ್ಲರೆದುರು ಆ ಹಣವನ್ನು ಕಿತ್ತೆಸೆದು ದರೋಗನನ್ನೇ ಎದುರಿಸುವವಳು ಧನಿಯಾ. ಎರಡು ರೂಪಾಯಿಗೆ ತಮ್ಮಂದಿರನ್ನು ವಂಚಿಸಹೊರಟವನೂ, ಅದೇ ತಮ್ಮನಿಗಾಗಿ ಮುಳುಗಲು ಸಿದ್ಧನಾದವನೂ ಒಬ್ಬನೇ. ಈ ಎರಡನ್ನೂ ಒಂದೇ ಸೂತ್ರಕ್ಕೆ ತರಲು ನಮ್ಮ ಪಠ್ಯಪುಸ್ತಕದ ಲಾಭನಷ್ಟದ ಲೆಕ್ಕಕ್ಕೆ ಆಗದು. ಆದರೆ ನಮಗೆ ಅವನಲ್ಲಿ ಯಾವ ಅಸಂಗತಿಯೂ ಕಾಣುವುದಿಲ್ಲ. ನಮ್ಮ ಮನೆಗಳಲ್ಲೂ ಇಂಥವರಿದ್ದಾರೆ, ನಾವೂ ಇಂಥವರೇ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಅದೇ ಪುಸ್ತಕದ ಇನ್ನೊಂದು ಅರ್ಧವನ್ನು ನೋಡಬಹುದು. ‘ಗೋದಾನ’ದ ಪಟ್ಟಣದ ಭಾಗದಲ್ಲಿ ಪ್ರೊಫೆಸರ್ ಮೆಹತಾ, ಡಾಕ್ಟರ್ ಮಾಲತಿ, ಗಿರಣಿ ಮಾಲೀಕ ಖನ್ನಾ ಮೊದಲಾದವರು ಸ್ತ್ರೀಯರ ಧರ್ಮ, ಸಮಾಜ, ಸಂಪತ್ತು ಎಂದು ಪುಟಗಟ್ಟಲೆ ಚರ್ಚಿಸುತ್ತಾರೆ. ಹಲವು ಓದುಗರು ಆ ಪುಟಗಳನ್ನು ತಿರುವಿಹಾಕಿ ಬೇಲಾರಿಗೆ ಮರಳುತ್ತಾರೆ. ಲೇಖಕರು ಅವರೇ, ಭಾಷೆ ಅದೇ, ವರ್ಷವೂ ಅದೇ. ಪಟ್ಟಣದವರು ಲೇಖಕರ ಅಭಿಪ್ರಾಯಗಳನ್ನು ಹೊತ್ತವರು. ಹಳ್ಳಿಯವರು ತಮ್ಮ ತಮ್ಮ ಬದುಕನ್ನು ಹೊತ್ತವರು. ಪಾತ್ರವೊಂದು ಅರ್ಥಪೂರ್ಣವಾಗುವುದು ಅದು ಏನನ್ನು ಪ್ರತಿನಿಧಿಸುತ್ತದೆ ಎಂಬುದರಿಂದಲ್ಲ. ಅದನ್ನು ಸೃಷ್ಟಿಸಿದವರು ಅದರ ಮೇಲಿನ ತಮ್ಮ ಅಧಿಕಾರವನ್ನು ಎಷ್ಟರಮಟ್ಟಿಗೆ ಬಿಟ್ಟುಕೊಟ್ಟಿದ್ದಾರೆ ಎಂಬುದರಿಂದ.

ಈ ಮಾತಿಗೆ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ಮುಚ್ಚಿಡಬಾರದು. ಅವರ ಕೊನೆಯ ದಿನಗಳ ‘ಕಫನ್’ ಕಥೆಯಲ್ಲಿ ಚಮ್ಮಾರ ಜಾತಿಯ ಘೀಸೂ ಮತ್ತು ಮಾಧವ ಎಂಬ ತಂದೆಮಗ, ಒಳಗೆ ಮಾಧವನ ಹೆಂಡತಿ ಹೆರಿಗೆ ನೋವಿನಲ್ಲಿ ಸಾಯುತ್ತಿರುವಾಗ ಹೊರಗೆ ಆಲೂಗಡ್ಡೆ ಸುಟ್ಟು ತಿನ್ನುತ್ತಾರೆ. ಹೆಣದ ಬಟ್ಟೆಗೆಂದು ಬೇಡಿ ತಂದ 5 ರೂಪಾಯಿಯನ್ನು ಹೆಂಡದಂಗಡಿಯಲ್ಲಿ ಕಳೆಯುತ್ತಾರೆ. ದಲಿತರನ್ನು ಹೀಗೆ ನಿರ್ದಯರಾಗಿ ಚಿತ್ರಿಸುವುದು ಮೇಲ್ಜಾತಿಯ ಲೇಖಕನ ಪೂರ್ವಗ್ರಹವಲ್ಲವೇ ಎಂದು ದಲಿತ ವಿಮರ್ಶಕರು ಕೇಳಿದ್ದಾರೆ. 2004ರಲ್ಲಿ ದೆಹಲಿಯಲ್ಲಿ ದಲಿತ ಲೇಖಕರ ಸಂಘಟನೆಯೊಂದು ‘ರಂಗಭೂಮಿ’ಯ ಪ್ರತಿಗಳನ್ನು ಸುಟ್ಟಿತು. ಒಮ್ಮೆ ಕಲೆಕ್ಟರ್ ಸುಟ್ಟ ಲೇಖಕನನ್ನು, ಯಾರ ಪರವಾಗಿ ಬರೆದರೆಂದು ನಾವು ಭಾವಿಸಿದ್ದೆವೋ ಅವರೂ ಸುಟ್ಟರು. ಪುಸ್ತಕ ಸುಡುವುದನ್ನು ನಾನು ಒಪ್ಪಲಾರೆ. ಆದರೆ ಪ್ರಶ್ನೆ ಸುಟ್ಟುಹೋಗುವುದಿಲ್ಲ. ಮನುಷ್ಯನೊಬ್ಬ ಕಥೆಯಲ್ಲಿ ಬರುವಾಗ ಅವನ ಜಾತಿಯೂ ಬರುತ್ತದೆ, ಅವನ ತಪ್ಪು ಇಡೀ ಸಮುದಾಯದ ಹೆಗಲೇರುತ್ತದೆ. ಮೇಲ್ಜಾತಿಯ ಪಾತ್ರಗಳಿಗೆ ಈ ಭಾರವಿಲ್ಲ. ನನ್ನ ಮಟ್ಟಿಗೆ ಆ ಕಥೆಯಲ್ಲಿ ಮರೆಯಲಾಗದ ಕ್ಷಣ ಬೇರೆ. ಹೊಟ್ಟೆ ತುಂಬಿದ ಮೇಲೆ ಮಾಧವ ಉಳಿದ ಪೂರಿಗಳನ್ನು ಎದುರಿಗಿದ್ದ ಭಿಕ್ಷುಕನಿಗೆ ಕೊಡುತ್ತಾನೆ. ಕೊಡುವುದರ ಹೆಮ್ಮೆಯನ್ನು ಬದುಕಿನಲ್ಲಿ ಮೊದಲ ಬಾರಿಗೆ ಅನುಭವಿಸುತ್ತಾನೆ. ಇಂಥ ಹೆಮ್ಮೆಯನ್ನು ಅವನಿಂದ ಅಷ್ಟು ಕಾಲ ಕಿತ್ತುಕೊಂಡವರು ಯಾರು ಎಂಬ ಪ್ರಶ್ನೆ ಅಲ್ಲಿ ನಮ್ಮತ್ತ ತಿರುಗುತ್ತದೆ. ಆದರೂ ಬಾಗಿಲ ಹಿಂದೆ ಸತ್ತ ಬುಧಿಯಾಳಿಗೆ ಆ ಕಥೆಯಲ್ಲಿ ನರಳಾಟವಿದೆ, ಮಾತಿಲ್ಲ ಎಂಬುದೂ ನಿಜ. ಲೇಖಕರು ಬಿಟ್ಟುಕೊಟ್ಟ ಅಧಿಕಾರ ಅವಳವರೆಗೆ ತಲುಪಲಿಲ್ಲ.

1936ರ ಏಪ್ರಿಲ್‌ನಲ್ಲಿ ಲಖನೌದಲ್ಲಿ ನಡೆದ ಪ್ರಗತಿಶೀಲ ಲೇಖಕರ ಮೊದಲ ಅಖಿಲ ಭಾರತ ಸಮ್ಮೇಳನಕ್ಕೆ ಪ್ರೇಮಚಂದರು ಅಧ್ಯಕ್ಷರಾದರು. ಜೂನ್‌ನಲ್ಲಿ ಕಾಯಿಲೆ ಉಲ್ಬಣಿಸಿತು. ಆ ಸ್ಥಿತಿಯಲ್ಲೂ, ‘ಹಂಸ್’ ಪತ್ರಿಕೆಯಿಂದ ಸರ್ಕಾರ ಜಾಮೀನು ಹಣ ಕೇಳಿದಾಗ, ಪತ್ರಿಕೆ ನಿಲ್ಲಬಾರದೆಂದು ಹಣ ಹೊಂದಿಸಿ ಕಟ್ಟಿದರು. ‘ಮಂಗಳಸೂತ್ರ’ ಎಂಬ ಕಾದಂಬರಿ ಅರ್ಧಕ್ಕೇ ನಿಂತಿತು. 1936ರ ಅಕ್ಟೋಬರ್ 8ರಂದು, 56ನೆಯ ವಯಸ್ಸಿನಲ್ಲಿ, ಬನಾರಸ್ಸಿನಲ್ಲಿ ತೀರಿಕೊಂಡರು. ಶವಯಾತ್ರೆಯಲ್ಲಿ ಹೆಚ್ಚು ಜನರಿರಲಿಲ್ಲ. ದಾರಿಹೋಕನೊಬ್ಬ ಸತ್ತವರು ಯಾರೆಂದು ಕೇಳಿದಾಗ, ಯಾರೋ ಒಬ್ಬ ಮೇಷ್ಟರಂತೆ ಎಂಬ ಉತ್ತರ ಬಂತೆಂದು ಅವರ ಮಗ ಅಮೃತ್ ರಾಯ್ ಬರೆದ ಜೀವನಚರಿತ್ರೆ ದಾಖಲಿಸುತ್ತದೆ.

ನಗರ ತನ್ನ ಲೇಖಕನನ್ನು ಗುರುತಿಸಲಿಲ್ಲ. ಅವರ ಪಾತ್ರಗಳು ಮಾತ್ರ ಭಾಷೆಯ ಗಡಿಗಳನ್ನು ದಾಟಿದವು. 1977ರಲ್ಲಿ ಮೃಣಾಲ್ ಸೇನ್ ‘ಕಫನ್’ ಅನ್ನು ತೆಲುಗಿನ ಚಿತ್ರವಾಗಿಸಿದರು. ಅದೇ ವರ್ಷ ‘ಶತರಂಜ್ ಕೇ ಖಿಲಾಡಿ’ಯನ್ನೂ, 1981ರಲ್ಲಿ ‘ಸದ್ಗತಿ’ಯನ್ನೂ ಸತ್ಯಜಿತ್ ರಾಯ್ ತೆರೆಗೆ ತಂದರು. ಹಿಂದಿ ಪಾಠದ ನೆವದಲ್ಲಿ ಕರ್ನಾಟಕದ ಎಷ್ಟೋ ಮಕ್ಕಳು ಹಾಮಿದನ ಇಕ್ಕಳವನ್ನು ಬಲ್ಲರು.

ಮತ್ತೆ 1990ರ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಆ ಹಿರಿಯ ರೈತರು ಏಕೆ ಬೇಸರಪಡಲಿಲ್ಲ, ಸಾಲ ಕೊಟ್ಟವನನ್ನು ಏಕೆ ಬೈಯಲಿಲ್ಲ ಎಂಬುದು ಹೋರಿಯನ್ನು ಓದಿರದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಅದನ್ನು ಅಜ್ಞಾನ ಎಂದೋ, ಅಸಹಾಯಕತೆ ಎಂದೋ ಬರೆದುಕೊಳ್ಳುತ್ತಿದ್ದೆ. ಹೋರಿಗೆ ಮರ್ಯಾದೆ ಎಂಬುದು ಜಮೀನಿನಷ್ಟೇ ದೊಡ್ಡ ಆಸ್ತಿ. ಸಾಲ ತೀರಿಸಲಾಗದಿದ್ದರೂ ತೀರಿಸುವವನಾಗಿ ಉಳಿಯಬೇಕೆಂಬ ಹಟ ಅವನದು. ಆ ಹಟವನ್ನೇ ಬಂಡವಾಳ ಮಾಡಿಕೊಂಡವರು ಅವನನ್ನು ಮುಗಿಸಿದರು. ಇಷ್ಟು ಗೊತ್ತಿದ್ದೂ ಆ ದಿನ ನಾನು ಮಾಡಿದ್ದು ನಿಯಮವನ್ನು ವಿವರಿಸಿ ಅವರನ್ನು ಕಳುಹಿಸಿಕೊಟ್ಟದ್ದು ಮಾತ್ರ. ಅವರ ಊರಿನ ಹೆಸರನ್ನಾದರೂ ಬರೆದಿಟ್ಟುಕೊಳ್ಳಬಹುದಿತ್ತು. ಬರೆದುಕೊಳ್ಳಲಿಲ್ಲ. ಕಾದಂಬರಿಯ ಪಾತ್ರ ನಮಗೆ ಕಣ್ಣನ್ನು ಕೊಡಬಲ್ಲದು; ಕೈಯನ್ನು ನಾವೇ ಚಾಚಬೇಕು. ಹೋರಿಯನ್ನು ನೆನೆದಾಗಲೆಲ್ಲ ಹೆಸರು ಮರೆತುಹೋದ ಆ ಮನುಷ್ಯರೂ ನೆನಪಾಗುತ್ತಾರೆ. ಅವರು ನನ್ನ ಸೇವಾವಧಿಯ ಯಾವ ಕಡತದಲ್ಲೂ ಇಲ್ಲ.